ಬಟ್ಟೆ ಹರವುವ ತಂತಿಯ ಕಳವು

ಹಿಹೋನ್ ಪಟ್ಟಣದ ಒಂದು ಹಳೇ ವಠಾರದಲ್ಲಿ ಬಟ್ಟೆ ಹರವುವ ತಂತಿ ಕಳವಾಯಿತು. ಸುದ್ದಿ ಕೇಳಿ ನಡು ಅಂತಸ್ತಿನ ಹೊವಿನೋ ಜೈಲಿಗೆಂದು ಒಳಬಟ್ಟೆ, ಹೊಗೆಸೊಪ್ಪು ಗಂಟುಕಟ್ಟಿಕೊಂಡ. ಹೆಸರಿಗೆ ಅದು ಬಟ್ಟೆಯ ತಂತಿ. ನಿಜಕ್ಕೂ ಅವನ ಅಡುಗೆಮನೆಯ ರೇಡಿಯೋದ ಏರಿಯಲ್. ಸರ್ಕಾರ ನಿಷೇಧಿಸಿದ್ದ ಗಡಿಯಾಚೆಯ ಕಮ್ಯುನಿಸ್ಟರ ಶಾರ್ಟ್‌ವೇವ್ ಬಾನುಲಿಯನ್ನು ವಠಾರದವರೆಲ್ಲ ಅಲ್ಲಿ ಕೂತು ಕೇಳುತ್ತಿದ್ದರು.

ಬಾರದವರೆಂದರೆ ಮೇಲಿನ ಮನೆಯ ದೋನ್ ಲೆಯಾಂದ್ರೊ ಒಬ್ಬರೇ. ಅವರ ಕೋಟಿನ ಮೇಲೆ ಆಳುವ ಪಕ್ಷದ ಬಿಲ್ಲೆ ಇರುತ್ತಿತ್ತು. ಅವರ ತಮ್ಮ ಸೆವೆರೋ ಮಾತ್ರ ಕೆಂಪು ಬಾವುಟದವನು. ಅಂತರ್ಯುದ್ಧ ಮುಗಿದಾಗ ಗಡಿ ದಾಟಿದವನ ಸುದ್ದಿಯೇ ಇರಲಿಲ್ಲ. ಲೆಯಾಂದ್ರೊ ಅವರೇ ಪೊಲೀಸರಿಗೆ ಚಾಡಿ ಹೇಳಿದ್ದಾರೆಂದು ವಠಾರ ತೀರ್ಮಾನಿಸಿತು.

ಹೊವಿನೋ ಎಂದಿನಂತೆ ಕೆಳಮನೆಯ ದರ್ಜಿ ಎತೆಲ್ವಿನಾಳ ಬಳಿಗೆ ಓಡಿದ. ವಠಾರದ ಒಗಟುಗಳೆಲ್ಲ ಬಿಚ್ಚಿಕೊಳ್ಳುತ್ತಿದ್ದುದು ಅವಳ ಕೈಯಲ್ಲೇ. ಇಬ್ಬರೂ ಅಂಗಳಕ್ಕೆ ಹೋಗಿ ನೋಡಿದರೆ, ಒದ್ದೆ ಬಟ್ಟೆಗಳನ್ನು ಯಾರೋ ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು. ರೇಡಿಯೋ ಚೆನ್ನಾಗಿ ಕೇಳಲೆಂದು ತಂತಿಯನ್ನು ಗೋಡೆಗೆ ತಾಗದಂತೆ ಹಿಡಿದಿದ್ದ ಪಿಂಗಾಣಿ ಗುಂಡುಗಳೂ ಇರಲಿಲ್ಲ. ಈ ವಾರ ರೇಡಿಯೋದಲ್ಲಿ ಏನು ವಿಶೇಷವೆಂದು ಅವಳು ಕೇಳಿದಳು. ಹೊಸಬನೊಬ್ಬ ಸುದ್ದಿ ಓದುತ್ತಾನೆ, ಅವನ ಮಾತಿನ ರಾಗ ನಮ್ಮ ಕೇರಿಯದೇ ಎಂದ ಹೊವಿನೋ.

"ಜೈಲಿನ ಗಂಟು ಬಿಚ್ಚಿಡು ಮಾರಾಯ. ನಾಳೆ ಸಂಜೆ ಎಲ್ಲರನ್ನೂ ನಿಮ್ಮನೆಗೆ ಕರಿ."

ಮರುದಿನ ಅವಳು ಲೆಯಾಂದ್ರೊ ಅವರನ್ನೇ ಕೈಹಿಡಿದು ಕರೆತಂದಾಗ ಅಡುಗೆಮನೆಯಲ್ಲಿ ಎಲ್ಲರ ಮುಖ ಬಿಳಿಚಿಕೊಂಡಿತು.

"ತಾಮ್ರದ ತಂತಿಗೆ ಆಸೆಪಟ್ಟ ಕಳ್ಳ ಪಿಂಗಾಣಿ ಯಾಕೆ ಒಯ್ತಾನೆ?" ಎಂದಳು ಎತೆಲ್ವಿನಾ. "ಚಾಡಿ ಹೇಳೋನು ಸಾಕ್ಷೀನ ಇದ್ದಲ್ಲೇ ಬಿಟ್ಟು ಪೊಲೀಸರನ್ನ ಕರೀತಾನೆ. ಎರಡನ್ನೂ ಬಿಚ್ಕೊಂಡು ಹೋದವರಿಗೆ ಬೇಕಿದ್ದದ್ದು ಏರಿಯಲ್ಲು. ಈ ರೇಡಿಯೋ ಮುಂದೆ ಬಂದು ಕೂರೋಕಾಗದವರು ಇಲ್ಲಿ ಒಬ್ಬರೇ."

"ಅವರಿಗ್ಯಾಕೆ ಈ ಬಾನುಲಿ?" ಎಂದ ಹೊವಿನೋ.

"ಕೇರಿ ರಾಗ ಅಂದೋನು ನೀನೇ ಅಲ್ವಾ?"

ಲೆಯಾಂದ್ರೊ ಕೋಟಿನ ಜೇಬುಗಳಿಂದ ಸುತ್ತಿದ ತಂತಿ, ಪಿಂಗಾಣಿ ಗುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ರೇಡಿಯೋ ಸದ್ದು ನೆಲದಿಂದ ಮೇಲಕ್ಕೆ ಬರ್ತಿತ್ತು. ಸೆವೆರೋ ದನಿ ಅನ್ನಿಸ್ತು. ನನ್ನ ರೇಡಿಯೋದಲ್ಲಿ ಬರೀ ಶಿಳ್ಳೆ. ತಂತಿ ಕಟ್ಟಿದ್ರೂ ಅಷ್ಟೇ, ನನಗೆ ಸರಿಯಾಗಿ ಕಟ್ಟೋಕೆ ಬರಲಿಲ್ಲ."

ಹೊವಿನೋಗೆ ಬೈಯಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು. ಆ ಮುದುಕರ ಮೇಲೆ ಅವನಿಗೆ ಅಕ್ಕರೆಯೇ ಉಕ್ಕಿತು. ತಂತಿ ಕಟ್ಟಿಬಂದು, ರೇಡಿಯೋ ಪಕ್ಕದ ತನ್ನ ಕುರ್ಚಿಯನ್ನೇ ಅವರಿಗೆ ಬಿಟ್ಟುಕೊಟ್ಟ.

ಗೊರಗೊರ ಸದ್ದಿನ ನಡುವೆ ದನಿ ಬಂತು. ಅದು ಲೆಯಾಂದ್ರೊ ಅವರ ಪಕ್ಷವನ್ನು ಕೊಲೆಗಡುಕರೆಂದು ಜಾಡಿಸುತ್ತಿತ್ತು. ಯಾರೂ ಅವರತ್ತ ನೋಡಲಿಲ್ಲ. ಅವರು ಮಾತ್ರ ರೇಡಿಯೋಗೆ ಕಿವಿ ಹಚ್ಚಿ ಕೊನೆಯವರೆಗೂ ಕೇಳಿದರು.

"ಗಂಟಲು ಕಟ್ಟಿದೆ ಇವನಿಗೆ," ಎಂದರು. "ಅಲ್ಲಿ ಚಳಿ ಜಾಸ್ತಿ ಇರ್ಬೇಕು. ಎಷ್ಟು ಹೇಳಿದ್ರೂ ಮಫ್ಲರ್ ಸುತ್ಕೊಳ್ಳಲ್ಲ."