ಮೂರು ದಿನದ ಮಾತ್ರೆ

ಮೊದಲ ಭೇಟಿಯಲ್ಲೇ ಮುರಳಿ ನನ್ನನ್ನು ಇದ್ದಿಲು ಮಾರುವವಳು ಅಂದುಕೊಂಡ.

"ಇಸ್ತ್ರಿ ಅಂಗಡಿ ಗೇಟಿಂದ ಆಚೆ ಐತೆ ಅಕ್ಕ," ಎಂದ, ನಾನು ಆಟೋದಿಂದ ಇಳಿಸಿದ ಗೋಣಿಚೀಲ ನೋಡಿ.

"ನಾ ಇದ್ದಲಿ ಮಾರಾಕಿ ಅಲ್ರೀ. ರಿಸರ್ಚ್ ಮಾಡಾಕಿ."

ಅವನು ನನ್ನ ಮಸಿ ಕೈ, ಮಸಿ ಮೂಗು ಎರಡನ್ನೂ ನೋಡಿದ. ನಗಲಿಲ್ಲ. ಸುಮ್ಮನೆ ಬಕೆಟಿನಲ್ಲಿ ನೀರು ತಂದಿಟ್ಟ. ನಗದೇ ಇದ್ದದ್ದಕ್ಕೇ ಅವನು ನನಗೆ ಹಿಡಿಸಿದ.

ಮಾಕಳಿಯ ಆ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿಗೆ ಅವನು ಆಪರೇಟರ್. ಪಕ್ಕದ ರೂಮಿನಲ್ಲೇ ಒಬ್ಬನೇ ವಾಸ. ನಾವು ನುಂಗುವ ಆಂಟಿಬಯಾಟಿಕ್ ಮಾತ್ರೆಯ ಒಂದು ಪಾಲು ಮೂತ್ರದಲ್ಲಿ ಹೊರಬಿದ್ದು, ಇಂಥ ಪ್ಲಾಂಟುಗಳನ್ನೂ ದಾಟಿ ಕೆರೆ ಸೇರುತ್ತದೆ. ಅಲ್ಲಿನ ರೋಗಾಣುಗಳು ಅದಕ್ಕೆ ಪಳಗಿಬಿಟ್ಟರೆ ಆಮೇಲೆ ಔಷಧ ನಾಟುವುದಿಲ್ಲ. ಎಳನೀರಿನ ಬುರುಡೆ ಸುಟ್ಟು ಮಾಡಿದ ಇದ್ದಿಲು ಆ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಡ್ರಮ್ಮಿಗೆ ಇದ್ದಿಲು ತುಂಬಿ, ಒಳಗೆ ಹೋಗುವ ನೀರು ಒಂದು ಬಾಟಲಿ, ಹೊರಗೆ ಬರುವ ನೀರು ಒಂದು ಬಾಟಲಿ, ದಿನಾ ಚಿಕ್ಕಬಾಣಾವರದ ಲ್ಯಾಬಿನಲ್ಲಿ ಪರೀಕ್ಷೆ. ನಲವತ್ತು ದಿನ.

ರಾಣೆಬೆನ್ನೂರಿನಿಂದ ಬಂದು ಆರು ವರ್ಷವಾಗಿತ್ತು. ಪಿಜಿಯಲ್ಲಿ ನಾನು ಹದಿನಾಲ್ಕನೇ ನಂಬರ್ ರೂಮು, ಲ್ಯಾಬಿನಲ್ಲಿ ಮೇಡಂ. ಎಷ್ಟೋ ಭಾನುವಾರ ಒಂದು ಮಾತೂ ಆಡದೆ ಕತ್ತಲಾಗುತ್ತಿತ್ತು. ಹಾಗಿರುವಾಗ ಇವನು ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ದಾನೇಶ್ವರಿ ಮೇಡಂ, ತಿಂಡಿ ಆಯ್ತಾ?"

"ಆಗೇತ್ರಿ. ನಿಮ್ದು?"

"ನಂದೇನ್ ಮೇಡಂ, ಒಬ್ನೇ. ಬೇಯ್ಸಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಬಾಟಲಿ ಕೊಡುವಾಗ ಬೆರಳು ತಾಗಬಾರದೆಂದು ಅವನು ಪಡುತ್ತಿದ್ದ ಪಾಡು ನೋಡಬೇಕಿತ್ತು. ನಾನೋ, ಮುಚ್ಚಳ ಬಿಗಿ ಮಾಡುವ ನೆಪದಲ್ಲಿ ಇನ್ನೆರಡು ನಿಮಿಷ ನಿಲ್ಲುತ್ತಿದ್ದೆ. ಮೂವತ್ತನಾಲ್ಕು ವರ್ಷದ ಹೆಂಗಸು, ಅದೂ ಕೊಳಚೆ ತೊಟ್ಟಿಯ ಪಕ್ಕ! ನಾಚಿಕೆಯಾಗುತ್ತಿತ್ತು, ಆದರೂ ನಿಲ್ಲುತ್ತಿದ್ದೆ. ನಲವತ್ತು ದಿನ ಮುಗಿದ ಮೇಲೆ ಇಲ್ಲಿಗೆ ಬರಲು ಯಾವ ನೆಪವೂ ಇರುವುದಿಲ್ಲ ಎಂದು ನೆನೆದರೆ ಎದೆ ಭಾರವಾಗುತ್ತಿತ್ತು.

ಮೂವತ್ತನೆಯ ದಿನ ಒಳಗೆ ಹೋಗುವ ನೀರಿನಲ್ಲಿ ಒಂದು ಹೊಸ ಔಷಧ ಕಂಡಿತು. ಕ್ಲಿಂಡಮೈಸಿನ್. ಕೀವು ತುಂಬಿದ ಗಾಯಕ್ಕೆ ಕೊಡುವಂಥದ್ದು. ಮೂರು ದಿನ ಹಾಗೇ ಬಂತು. ಮೂರನೆಯ ಸಂಜೆ ಮುರಳಿಗೆ ಫೋನ್ ಮಾಡಿದೆ.

"ನಿಮ್ಮ ಅಪಾರ್ಟ್‌ಮೆಂಟಿನ್ಯಾಗ ಯಾರೋ ಜೋರ್ ಮಾತ್ರಿ ನುಂಗಾಕತ್ತಾರ ನೋಡ್ರಿ. ನನ್ನ ರಿಸಲ್ಟ್ ಎಲ್ಲಾ ಕೆಡಸ್ತಾರ," ಎಂದು ತಮಾಷೆ ಮಾಡಿದೆ. "ಅಂಗಾ ಮೇಡಂ," ಎಂದು ಫೋನ್ ಇಟ್ಟುಬಿಟ್ಟ.

ಮರುದಿನದಿಂದ ಆ ಔಷಧ ಮಾಯ. ಮುರಳಿಯೂ ಮಾಯ. ಬಾಟಲಿಗಳನ್ನು ಸೆಕ್ಯುರಿಟಿಯ ಚಿಕ್ಕಬೈರಪ್ಪನ ಹತ್ತಿರ ಬಿಟ್ಟಿರುತ್ತಿದ್ದ. ನನ್ನನ್ನು ಕಂಡರೆ ಬೇಜಾರಾಗಿದೆ ಎಂದುಕೊಂಡೆ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸಿಟ್ಟು ಬಂದು ನೇರ ಅವನ ರೂಮಿಗೇ ಹೋದೆ. ನೆಪಕ್ಕೆ ಔಷಧದ ವಿಷಯವಿತ್ತಲ್ಲ.

"ಏಳು ದಿನ ನುಂಗೋ ಮಾತ್ರಿ ಯಾರೋ ಮೂರ ದಿನಕ್ಕ ಬಿಟ್ಟಾರ. ಹಂಗ ಬಿಟ್ರ ರೋಗ ಗಟ್ಟಿ ಆಗತೈತಿ. ಯಾರು ಅಂತ ಪತ್ತೆ ಮಾಡ್ರಿ."

ಅವನು ಗೋಡೆಗೆ ಒರಗಿ ಕೂತಿದ್ದ. "ಪತ್ತೆ ಮಾಡಿ ಏನ್ಮಾಡ್ತೀರಾ ಮೇಡಂ?"

"ಬೈತೀನಿ."

"ಅಂಗಾದ್ರೆ ಬೈರಿ," ಎಂದು ಪ್ಯಾಂಟು ಮೇಲೆತ್ತಿದ.

ತೊಟ್ಟಿಯ ಕಬ್ಬಿಣದ ಏಣಿ ಕೊಯ್ದ ಗಾಯ. ಕಾಲು ಮೊಣಕಾಲಿನವರೆಗೆ ಬಾತಿತ್ತು. ಹಣೆ ಮುಟ್ಟಿದೆ, ಕೆಂಡದಂತೆ ಸುಡುತ್ತಿತ್ತು.

"ಮಾತ್ರಿ ಯಾಕ್ ಬಿಟ್ರಿ?"

"ನಿಮ್ ರಿಸಲ್ಟ್ ಕೆಡ್ತದೆ ಅಂದ್ರಲ್ಲ. ಇನ್ನೆಂಟ್ ದಿನ ತಾನೇ, ಮುಗೀಲಿ ಅಂತ ಬಿಟ್ಟೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ.

"ಅದನ್ನ ಹಿಡೀಲಿಕ್ಕಂತನ ಡ್ರಮ್ ಇಟ್ಟೀನೋ ಮಾರಾಯಾ! ಹೊರಗ ಬರೋ ನೀರಾಗ ಒಂದು ಚೂರೂ ಇರಲಿಲ್ಲ, ಪೂರಾ ಹಿಡಿದಿತ್ತು. ಹೇಳಬಾರದಿತ್ತೇನು?"

"ಯಾರಿಗ್ ಹೇಳ್ಲಿ? ಅವ್ವ ತೀರ್ಕೊಂಡ್ಮೇಲೆ ಹೇಳ್ಕೊಳೋ ಅಭ್ಯಾಸನೇ ತಪ್ಪೋಗೈತೆ."

ನಾನು ಬಂದಿದ್ದ ಆಟೋದಲ್ಲೇ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಇನ್ನೆರಡು ದಿನ ತಡವಾಗಿದ್ದರೆ ಕಾಲಿಗೇ ಕುತ್ತಿತ್ತು ಎಂದು ಡಾಕ್ಟರ್ ಇಬ್ಬರಿಗೂ ಸೇರಿಸಿ ಬೈದರು. ಗಾಯ ಕೊಯ್ದು ತೊಳೆದು ಎರಡು ದಿನ ಇಟ್ಟುಕೊಂಡು, ಮನೆಗೆ ಕಳಿಸುವಾಗ ಅದೇ ಮಾತ್ರೆ ಹದಿನಾಲ್ಕು ದಿನಕ್ಕೆ ಬರೆದುಕೊಟ್ಟರು.

ನಲವತ್ತನೆಯ ದಿನ ಡ್ರಮ್ಮು ಟೆಂಪೋ ಹತ್ತಿತು. ಹೇಳಬೇಕೆಂದಿದ್ದ ಮಾತು ಬೇರೆ. "ಮಾತ್ರಿ ತಪ್ಪಸಬ್ಯಾಡ್ರಿ," ಎಂದಷ್ಟೇ ಹೇಳಿದೆ. "ಆಯ್ತು ಮೇಡಂ," ಎಂದ.

ಫೋನ್ ಮಾಡಬಹುದಿತ್ತು. ಆದರೆ ಏನೆಂದು ಮಾಡಲಿ, ಕೆಲಸ ಮುಗಿದಿತ್ತು. ಚಿಕ್ಕಬೈರಪ್ಪನ ಮನೆ ನಮ್ಮ ಲ್ಯಾಬಿನ ಹಿಂದೆಯೇ. ದಿನಾ ಪಾಳಿ ಮುಗಿಸಿ ಬರುವಾಗ ಪ್ಲಾಂಟಿನಿಂದ ಒಂದು ಬಾಟಲಿ ನೀರು ತಂದುಕೊಡಲು ಅವನಿಗೆ ಹೇಳಿದೆ. ರಿಸರ್ಚಿಗೆ ಅದು ಬೇಕಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಮೆಷಿನ್ನಿಗೆ ಹಾಕಿ ಕಾಯುತ್ತಿದ್ದೆ. ಪರದೆಯ ಮೇಲೆ ಕ್ಲಿಂಡಮೈಸಿನ್ನಿನ ಗೆರೆ ಏಳುತ್ತಿತ್ತು. ಮುರಳಿ ಇವತ್ತೂ ಮಾತ್ರೆ ನುಂಗಿದ್ದಾನೆ, ಇದ್ದಾನೆ. ಆಮೇಲೆ ನನಗೆ ಹಸಿವಾಗುತ್ತಿತ್ತು. ಇಂಥ ಹುಚ್ಚನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಕೊನೆಯ ಮಾತ್ರೆಯ ಮರುದಿನ ಲ್ಯಾಬಿಗೆ ಹೋಗಲು ಮನಸ್ಸೇ ಇರಲಿಲ್ಲ. ಕಾಲೆಳೆದುಕೊಂಡು ಹೋದರೆ ಗೇಟಿನ ಹತ್ತಿರ ಮುರಳಿ ನಿಂತಿದ್ದ, ಗಡ್ಡ ಬೋಳಿಸಿಕೊಂಡು.

"ಕಾಲು?" ಎಂದೆ.

"ವಾಸಿ ಆಯ್ತು. ಮಾತ್ರೆ ನಿನ್ನೆಗೆ ಮುಗೀತು." ಜೇಬಿನಿಂದ ಖಾಲಿ ಮಾತ್ರೆ ಪಟ್ಟಿ ತೆಗೆದು ತೋರಿಸಿದ. "ಆ ಬಾಟ್ಲಿ ದಿನಾ ತುಂಬಿ ಕೊಡ್ತಿದ್ದೋನು ನಾನೇ. ನೀವ್ ಯಾಕ್ ತರ್ಸ್ತೀರ ಅಂತ ಗೊತ್ತಾಗೋಯ್ತು."

ನನಗೆ ಓಡಿಹೋಗಬೇಕೆನಿಸಿತು.

"ಇನ್ಮೇಲೆ ನಾನು ನೀರಲ್ಲಿ ಕಾಣ್ಸಲ್ಲ," ಎಂದ. "ಅದ್ಕೇ ನಾನೇ ಬಂದ್ಬಿಟ್ಟೆ. ದಿನಾ ಬರ್ಲಾ?"

"ಬಾ," ಎಂದೆ. "ದಿನಾ ಬಾ."