ಗಂಟೆಗೆ ಒಂದೇ ಕೈ

ಶ್ರಾವಣ ಆಗಷ್ಟೇ ಹಿಡಿದಿತ್ತು. ಸಂಜೆ ನಾಲ್ಕರ ಹೊತ್ತಿಗೆ, ರಾಯಚೂರು ಸೀಮೆಯಲ್ಲಿ ಮುಚ್ಚಿಹೋಗಿದ್ದ ಒಂದು ಚಿನ್ನದ ಗಣಿಯ ಎಂಜಿನ್ ಮನೆಯಲ್ಲಿ, ಕವಲುಶ್ರಾವಕ ಮೊದಲ ಸಲ ಸದ್ದು ಮಾಡಿತು. ಬಂಡೆಯೊಳಗಿನ ಸದ್ದು ಹಿಡಿಯುವ, ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ ಅದು. ಅದರ ತಂತಿ ಎರಡು ಸಾವಿರ ಅಡಿ ಕೆಳಗಿನ ಬಂಡೆಗೆ ಅಂಟಿಕೊಂಡಿತ್ತು.

ಕಾವಲುಗಾರ ಹುಸೇನಪ್ಪ ಚಹಾದ ಲೋಟ ಕೆಳಗಿಟ್ಟ. "ಅಮ್ಮಾರ, ಕೆಳಗ ಯಾರೋ ಪಂಪು ಚಾಲೂ ಮಾಡ್ಯಾರ್ರಿ."

"ಕೆಳಗೆ ಯಾರಿದ್ದಾರೆ, ಹುಸೇನಪ್ಪನವರೇ? ಹನ್ನೆರಡು ವರ್ಷದಿಂದ ನೀರು ತುಂಬಿದೆ," ಎಂದಳು ಮೈಸೂರಿನಿಂದ ಬಂದಿದ್ದ ವಿಜ್ಞಾನಿ ಕುಮುದಾ.

"ಅದು ನನಗ ಗೊತ್ತಿಲ್ಲೇನ್ರಿ? ಆದ್ರ ಇದು ಆ ಹಳೇ ಪಂಪೇ. ಬೀಡಿ ಸೇದೋ ಮುದುಕನಂಗ ಕೆಮ್ಮತೈತಿ, ಕೇಳ್ರಿ."

ಕುಮುದಾ ಅಂದು ಊಟ ಮಾಡಲಿಲ್ಲ. ಆಮೇಲೆ ಅವನಿಗೆ ನಿಧಾನವಾಗಿ ತಿಳಿಸಿದಳು. ಲೋಕ ಒಂದೇ ಅಲ್ಲ. ಹೊಳೆ ಕವಲೊಡೆದಂತೆ ಒಡೆಯುತ್ತ ಹೋಗುತ್ತದೆ. ಒಂದು ಕವಲಿನಿಂದ ಇನ್ನೊಂದಕ್ಕೆ ಮನುಷ್ಯ ದಾಟಲಾರ, ಬೆಳಕೂ ದಾಟದು. ಬಂಡೆಯ ನಡುಕ ಮಾತ್ರ ಒಂದಿಷ್ಟು ಸೋರುತ್ತದೆ. ಈ ಪಕ್ಕದ ಕವಲು ಕಾಲದಲ್ಲಿ ನಮಗಿಂತ ಹಿಂದೆ ಬಿದ್ದಿದೆ. ಎಷ್ಟು ವರ್ಷ ಹಿಂದೆ ಎಂಬುದು ಅವಳಿಗೂ ತಿಳಿಯದು.

ಅದನ್ನು ಕಂಡುಹಿಡಿದವನು ಹುಸೇನಪ್ಪನೇ. ಮೂವತ್ತು ವರ್ಷ ಇದೇ ಎಂಜಿನ್ ಮನೆಯಲ್ಲಿ ಕೂತು, ಗಣಿಯೊಳಗೆ ಮಂದಿಯನ್ನು ಇಳಿಸಿ ಏರಿಸುವ ಪಂಜರ ನಡೆಸಿದವನು ಅವನು. ಈಗ ಗಣಿಯ ಕಾಲೊನಿಯ ನೂರಾರು ಮನೆಗಳಲ್ಲಿ ದೀಪ ಹಚ್ಚುವುದು ಅವನ ಮನೆಯಲ್ಲಿ ಮಾತ್ರ. ಪೆಟ್ಟಿಗೆಯ ಮುಂದೆ ಕಿವಿಗೊಟ್ಟು ಕೂತರೆ ಯಾವ ಪಾಳಿ ಇಳಿಯಿತು, ಯಾವ ಸುರಂಗದಲ್ಲಿ ಮದ್ದು ಸಿಡಿಯಿತು, ಎಲ್ಲ ಹೇಳುತ್ತಿದ್ದ. ಒಂದು ದಿನ ಪೆಟ್ಟಿಗೆ ಪೂರ್ತಿ ಸುಮ್ಮನಾಯಿತು. ಯಂತ್ರ ಕೆಟ್ಟಿತೆಂದು ಕುಮುದಾ ಗಾಬರಿಯಾದಳು.

"ಕೆಟ್ಟಿಲ್ರಿ. ಅವರಿಗೆ ಇವತ್ತು ಆಯುಧ ಪೂಜೆ. ಕೆಳಗ ಯಾರೂ ಇಳಿಯಂಗಿಲ್ಲ," ಎಂದ. ಇಲ್ಲಿ ಹಬ್ಬಕ್ಕೆ ಇನ್ನೂ ಒಂಬತ್ತು ದಿನವಿತ್ತು. ಅವನು ಬೆರಳು ಮಡಚಿ ವರ್ಷ ಎಣಿಸಿದ. ಆ ಪಂಪು ಹೀಗೆ ಕೆಮ್ಮಿದ್ದು ಅದನ್ನು ಕಿತ್ತು ಹಾಕುವ ಮೊದಲಿನ ವರ್ಷ ಮಾತ್ರ. ಮೌನೇಶನ ವರ್ಷ.

ಮೌನೇಶ ಅವನ ತಮ್ಮ. ಅವ್ವ ಸತ್ತ ಮೇಲೆ ಹುಸೇನಪ್ಪನೇ ಉಣಿಸಿ ಬೆಳೆಸಿದ ಹುಡುಗ. ಇಪ್ಪತ್ತೆರಡು ವರ್ಷದ ಹಿಂದೆ, ಆಯುಧ ಪೂಜೆ ಕಳೆದು ಹದಿಮೂರನೆಯ ದಿನ, ಪಾಳಿ ಮುಗಿಸಿ ಕೆಳಗಿನಿಂದ ಎಂಜಿನ್ ಮನೆಗೆ ಗಂಟೆ ಬಾರಿಸಿದ್ದ. ಮೂರು ಹೊಡೆದರೆ ಮಂದಿ ಇದ್ದಾರೆ, ಎಳೆ ಎಂದು. ಎರಡಕ್ಕೆ ಇಳಿಸಬೇಕು. ಅಂದು ಕೇಳಿದ್ದು ಐದೋ ಆರೋ, ಒಂದರ ಮೇಲೊಂದು ಬಿದ್ದಂತೆ. ತಿಳಿಯದ ಗಂಟೆಗೆ ಪಂಜರ ಎಳೆಯಬಾರದು ಎಂಬುದು ಗಣಿಯ ಕಟ್ಟಳೆ. ಹುಸೇನಪ್ಪ ಒಂದು ಹೊಡೆದು 'ಮತ್ತೊಮ್ಮೆ ಹೇಳು' ಎಂದು ಕೇಳಿದ. ಉತ್ತರ ಬರಲಿಲ್ಲ. ಬಂಡೆ ಬಿತ್ತು.

"ನನ್ನ ಹಿಂದಕ್ಕ ಕಳಿಸ್ರಿ ಅಮ್ಮಾರ. ಕೇಳಿದ ಕೂಡ್ಲೇ ಎಳೀತೀನಿ."

"ಹೋಗಲಾಗದು. ಹೋದರೂ ಬದಲಾಗುವುದು ನಿಮ್ಮ ನಿನ್ನೆಯಲ್ಲ, ಪಕ್ಕದವರದು. ನಿಮ್ಮ ತಮ್ಮ ಬರುವುದಿಲ್ಲ."

"ಅಲ್ಲಿರೋ ಮೌನೇಶ ಯಾರ ತಮ್ಮರೀ?"

ಕುಮುದಾ ಮೂರು ದಿನ ಯೋಚಿಸಿದಳು. ಕೇಳಬೇಕೇ ಹೊರತು ಹೇಳಬಾರದು ಎಂಬುದು ಅವಳ ಮೇಲಿನವರ ಆಜ್ಞೆ. ಒಮ್ಮೆ ಬಡಿದರೆ ಬಂಡೆ ನಡುಗಿ, ಈ ಕವಲು ಮತ್ತೆ ಕೈಗೆ ಸಿಗದೆ ಹೋಗಬಹುದು. ಆದರೂ ಪೆಟ್ಟಿಗೆಗೆ, ಒತ್ತಿದರೆ ಕೆಳಗಿನ ಬಂಡೆಯನ್ನು ಬಡಿಯುವ ಗುಂಡಿಯೊಂದನ್ನು ಜೋಡಿಸಿದಳು. "ಮೌನೇಶ ಬಾರಿಸುವ ಹೊತ್ತಿಗೆ ನೀವೂ ಮೂರು ಹೊಡೆಯಿರಿ. ಅಲ್ಲಿ ಮೇಲೆ ಕೂತ ಹುಸೇನಪ್ಪನಿಗೆ ಗಟ್ಟಿಯಾಗಿ ಕೇಳಲಿ."

ಆ ದಿನ ಬಂತು. ಪಂಜರದ ಬಾಗಿಲು ಎಳೆದ ಸದ್ದು, ಬೂಟುಗಳ ಸದ್ದು. ಹುಸೇನಪ್ಪನ ಕೈ ಗುಂಡಿಯ ಮೇಲಿತ್ತು. ಆಗ ಅವನು ತಟ್ಟನೆ ಕುಮುದಾಳತ್ತ ತಿರುಗಿದ.

"ಅಮ್ಮಾರ, ಗಂಟೆಗೆ ಒಂದೇ ಕೈ ಇರಬೇಕ್ರಿ. ಅವತ್ತು ನನಗ ಎರಡು ಕೈ ಕೇಳಿಸಿದ್ವು."

"ಅಂದರೆ?"

"ಇನ್ನೊಂದು ಕೈ ಯಾರದ್ರೀ? ನನ್ನಂಥಾವನೇ ಒಬ್ಬ, ಇನ್ನೊಂದು ಲೋಕದಾಗ, ಹಿಂಗ ಕೂತು ಬಡಿದನೇನು? ನನ್ನ ಮೌನೇಶನ್ನ ಉಳಿಸಾಕಂತ?"

"ಇರಬಹುದು. ಇಲ್ಲದೆಯೂ ಇರಬಹುದು."

ಅವನು ಕೈ ತೆಗೆದು ಕಂಕುಳಲ್ಲಿ ಒತ್ತಿ ಹಿಡಿದ. ಪೆಟ್ಟಿಗೆಯೊಳಗೆ ಗಂಟೆ ಹೊಡೆಯಿತು. ಒಂದು. ಎರಡು. ಸ್ವಲ್ಪ ತಡೆದು, ಮೂರು. ನೀರಿನಷ್ಟು ತಿಳಿ. ಹಿಂದೆಯೇ ಹಗ್ಗ ಬಿಗಿದ ಗುಂಗು, ಪಂಜರ ಮೇಲೇರುವ ಗಡಗಡ. ಆಮೇಲೆ ಬಂಡೆ ಬಿದ್ದ ಸದ್ದಿಗೆ ಪೆಟ್ಟಿಗೆಯ ಮೇಲಿನ ಅಳತೆಯ ಮುಳ್ಳು ಮುರಿಯಿತು. ಮತ್ತೆ ಏನೂ ಕೇಳಿಸಲಿಲ್ಲ. ಆ ನಡುಕಕ್ಕೇ ಕವಲು ದೂರ ಸರಿದಿತ್ತು.

"ಎಳದ," ಎಂದ ಹುಸೇನಪ್ಪ. "ಅಲ್ಲಿರೋ ಹುಸೇನಪ್ಪ, ಕೇಳಿದ ಕೂಡ್ಲೇ ಎಳದ."

ಪಂಜರ ಮೇಲೆ ಮುಟ್ಟಿತೇ ಎಂದು ಅವನು ಕೇಳಲಿಲ್ಲ. ಕುಮುದಾಳಿಗೂ ಅದು ಗೊತ್ತಿರಲಿಲ್ಲ.

ಅದು ಮಂಗಳವಾರ. ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಲಾರಿಗೆ ಹೇರಿಸಿ ಕುಮುದಾ ಮೈಸೂರಿಗೆ ಹೋದಳು.