ಬಿಳಿ ಕೊಡೆ

ವಿಶಾಖಪಟ್ಟಣದ ಗಾಜುವಾಕ ಬಡಾವಣೆಯ ಫೋಟೋ ಸ್ಟುಡಿಯೋದ ಬೀಗ ಮುರಿದಿರಲಿಲ್ಲ. ಒಳಗೆ ಎಲ್ಲವೂ ಇದ್ದಲ್ಲೇ ಇತ್ತು. ಮದುವೆಗಳಿಗೆ ಒಯ್ಯುತ್ತಿದ್ದ ದೊಡ್ಡ ವಿಡಿಯೋ ಕ್ಯಾಮೆರಾ ಮಾತ್ರ ಇರಲಿಲ್ಲ. ಬೆಳಗಿನ ರೈಲಿಗೆ ವಿಜಯವಾಡದಿಂದ ಬಂದಿಳಿದ ಮಾಲೀಕ ರಮಾಕಾಂತ ಠಾಣೆಗೆ ಓಡಿದ.

ಸಬ್ ಇನ್ಸ್‌ಪೆಕ್ಟರ್ ಜಯದೇವನಿಗೆ ಇದು ಸುಲಭದ ಕೇಸು ಅನ್ನಿಸಿತು. ಕಳ್ಳನ ಚಿತ್ರವೇ ಇತ್ತಲ್ಲ. ಗಿರಾಕಿಗಳಿಗೆ ತೋರಿಸಲೆಂದು ರಮಾಕಾಂತ ಗೋಡೆಗೊಂದು ಹೊಸ ಕಾವಲು ಕ್ಯಾಮೆರಾ ಹಾಕಿಸಿದ್ದ. ಕಗ್ಗತ್ತಲಲ್ಲೂ ಅದಕ್ಕೆ ಕಣ್ಣು ಕಾಣುತ್ತದೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಟೇಪು ಹಾಕಿದರು. ಬಣ್ಣವಿಲ್ಲದ ಚಿತ್ರ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಬ್ಬ. ಮೈತುಂಬ ಬಿಳಿ ಉಡುಪು.

ಬೀಗದ ಕೈ ಇದ್ದದ್ದು ಮೂವರ ಬಳಿ. ರಮಾಕಾಂತ ಊರಲ್ಲಿರಲಿಲ್ಲ. ಅವನ ಬಾವಮೈದ ದುರ್ಗಾಪ್ರಸಾದ್ ಅಯ್ಯಪ್ಪನ ಮಾಲೆ ಹಾಕಿದ್ದ. ಕಪ್ಪು ಬಿಟ್ಟು ಬೇರೆ ಬಟ್ಟೆ ಮುಟ್ಟುತ್ತಿರಲಿಲ್ಲ. ಉಳಿದವನು ಅಶ್ವತ್ಥ. ಹಾಸನದ ಕಡೆಯವನು, ನೌಕಾಪಡೆಯಲ್ಲಿ ನಾವಿಕ. ಬಿಡುವಾದಾಗ ಫೋಟೋ ತೊಳೆಯಲು ಬರುತ್ತಿದ್ದ, ಬಿಳಿ ಸಮವಸ್ತ್ರದಲ್ಲೇ.

*

ಜಯದೇವನ ಮನೆಮಾತು ಕನ್ನಡ. ಆದರೆ ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದಲ್ಲಿ, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು.

“ಕ್ಯಾಮೆರಾ ಎಲ್ಲಿ ಪೆಟ್ಟಿದ್ದೀಯ, ಹೇಳಿಬಿಡು,” ಎಂದ, ಠಾಣೆಗೆ ಕರೆಸಿದ್ದ ಅಶ್ವತ್ಥನಿಗೆ.

“ಪೆಟ್ಟು ಆಮೇಲೆ ಕೊಡಿ ಸಾರ್. ‘ಇಟ್ಟಿದ್ದೀಯ’ ಅನ್ಬೇಕು,” ಎಂದ ಅಶ್ವತ್ಥ. ಮರುಗಳಿಗೆಯೇ ಅವನ ದನಿ ಇಳಿಯಿತು. “ನಿಮ್ಮ ಕಾಗದ ನಮ್ಮ ಸಾಹೇಬರಿಗೆ ಹೋದ್ರೆ ಈ ಬಟ್ಟೆ ಬಿಚ್ಚಿಸ್ತಾರೆ. ಇದು ಬಿಟ್ರೆ ನಂಗೆ ಬೇರೇನೂ ಇಲ್ಲ.”

ನೌಕಾಪಡೆಗೆ ಕಳಿಸುವ ಕಾಗದ ಟೈಪಾಗಿತ್ತು. ಜಯದೇವ ಸಹಿ ಹಾಕಲಿಲ್ಲ. ಸ್ಟುಡಿಯೋಗೆ ಹೋಗಿ ಟೇಪನ್ನು ಮತ್ತೆ ನೋಡಿದ. ಈ ಸಲ ಕಳ್ಳನನ್ನು ಬಿಟ್ಟು ಅವನ ಹಿಂದಿನ ಗೋಡೆಯನ್ನು ನೋಡಿದ. ಮೊಳೆಗೆ ಬಿಳಿ ಕೊಡೆಯೊಂದು ನೇತಾಡುತ್ತಿತ್ತು.

ತಿರುಗಿ ನೋಡಿದ. ಮೊಳೆ ಅಲ್ಲೇ ಇತ್ತು. ಕೊಡೆಯೂ ಇತ್ತು. ಅದು ಕಪ್ಪು. ಅಂಗಡಿಯಲ್ಲಿ ಇರುವುದೇ ಅದೊಂದು ಕೊಡೆ ಎಂದ ರಮಾಕಾಂತ.

ಜಯದೇವ ವಿಜಯವಾಡಕ್ಕೆ ಫೋನು ಮಾಡಿದ. ಕಾವಲು ಕ್ಯಾಮೆರಾ ಮಾರಿದ ಸೂರ್ಯಪ್ರಕಾಶ ನಕ್ಕೇಬಿಟ್ಟ. ಇದು ಹಳೆಯ ಕ್ಯಾಮೆರಾಗಳ ಹಾಗಲ್ಲ, ಒಳಗೆ ಚಿಪ್ ಇದೆ ಎಂದ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಅದೇ ಚೆಲ್ಲುತ್ತದೆ, ಅದೇ ನೋಡುತ್ತದೆ. ಎಷ್ಟೋ ಕಪ್ಪು ಬಟ್ಟೆಗಳು ಆ ಬೆಳಕನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ.

*

ಮಧ್ಯಾಹ್ನ ಷಟರ್ ಎಳೆಸಿ ದೀಪ ಆರಿಸಿದರು. ಟಿವಿಯಲ್ಲಿ ಅಶ್ವತ್ಥ ಬಿಳಿಯಾಗಿ ಕಂಡ. ಪಕ್ಕದಲ್ಲಿ ದುರ್ಗಾಪ್ರಸಾದ್ ನಿಂತ. ಕಪ್ಪು ಪ್ಯಾಂಟು, ಕಪ್ಪು ಅಂಗಿ ಎರಡೂ ಹಾಲಿನ ಹಾಗೆ ಬೆಳಗಿದವು.

“ಸ್ವಾಮಿ, ಟೇಪಿನಲ್ಲಿರೋನು ಬರಿಗಾಲಲ್ಲಿದ್ದಾನೆ,” ಎಂದ ಜಯದೇವ. “ಸಮವಸ್ತ್ರ ಹಾಕ್ಕೊಂಡು ಬೂಟಿಲ್ಲದೆ ಓಡಾಡೋ ನಾವಿಕನನ್ನ ನಾನು ಕಂಡಿಲ್ಲ. ಮಾಲೆ ಹಾಕಿದವರು ಚಪ್ಪಲಿ ಮೆಟ್ಟಲ್ಲ.”



“ಕಪ್ಪುಬಟ್ಟೆ ಕತ್ತಲಲ್ಲಿ ಕಾಣಲ್ಲ ಅಂದುಕೊಂಡೆ,” ಎಂದ ದುರ್ಗಾಪ್ರಸಾದ್. ವಿಜಯವಾಡದಲ್ಲಿ ತನ್ನದೇ ಸ್ಟುಡಿಯೋ ತೆರೆಯುವ ಆಸೆ ಅವನದು. ಕದ್ದ ಕ್ಯಾಮೆರಾ ಮನೆಯಲ್ಲೇ ಸಿಕ್ಕಿತು, ಅವನ ಪೂಜೆಯ ಪೀಠದ ಹಿಂದೆ. ಮಾಲೆ ಹಾಕಿದವರ ಪೀಠವನ್ನು ಯಾರೂ ಮುಟ್ಟುವುದಿಲ್ಲ.

ಜಯದೇವ ಟೈಪಾಗಿದ್ದ ಕಾಗದ ಹರಿದ. “ಹೋಗಪ್ಪ, ನಿನ್ನ ಬಿಳಿ ನಿಂದೇ,” ಎಂದ ಅಶ್ವತ್ಥನಿಗೆ. ಆಮೇಲೆ ಜೀಪಿನ ಬಾಗಿಲು ತೆರೆದು ಹಿಡಿದ. ಮಾಲೆ ಇನ್ನೂ ದುರ್ಗಾಪ್ರಸಾದನ ಕೊರಳಲ್ಲಿತ್ತು, ಮರ್ಯಾದೆ ತಪ್ಪುವಂತಿರಲಿಲ್ಲ.

“ಹತ್ತಿ, ಸ್ವಾಮಿ.”